ಪಿಯುಸಿ ಅಂಕಗಳನ್ನು ಜಿಪಿಎಗೆ ಬದಲಾಯಿಸಿ ಅಮೆರಿಕದ ಕಾಲೇಜಿಗೆ ಕಳಿಸಬೇಕೇ?

ಮಗಳಿಗೆ ಎಸ್‌ಎಸ್‌ಎಲ್‌ಸಿಯಲ್ಲಿ 91, ಪ್ರಥಮ ಪಿಯುಸಿಯಲ್ಲಿ 79 ಪರ್ಸೆಂಟ್ ಬಂದಿದೆ, ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್‌ನಲ್ಲಿ ಜಿಪಿಎ (ಸಾಮಾನ್ಯವಾಗಿ 4ಕ್ಕೆ ಲೆಕ್ಕ ಹಾಕುವ ಸರಾಸರಿ ಗ್ರೇಡ್) ಕೇಳುತ್ತಿದೆ, 25ರಿಂದ ಭಾಗಿಸಿ ಹಾಕಲೇ ಎಂದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಪಿಯು ಕಾಲೇಜು ಜಿಪಿಎ ಕೊಡದಿದ್ದರೆ ಆ ಜಾಗವನ್ನು ಖಾಲಿ ಬಿಡಬಹುದು. ಅಂಕ ಕೇಳುವ ಕಡೆ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಫಾರಂನಲ್ಲೊಂದು, ಅಂಕಪಟ್ಟಿಯಲ್ಲೊಂದು ಸಂಖ್ಯೆ ಇದ್ದರೆ ಓದುವವರಿಗೆ ಮೊದಲು ಮೂಡುವುದು ಅನುಮಾನ.

ಭಾಗಾಕಾರ ಯಾಕೆ ತಪ್ಪು ಅಂದರೆ, ಅಮೆರಿಕದ ಬಹುತೇಕ ಹೈಸ್ಕೂಲುಗಳಲ್ಲಿ 90ರ ಮೇಲೆ ಎ, 80ರ ಮೇಲೆ ಬಿ, 70ರ ಮೇಲೆ ಸಿ. 60ಕ್ಕಿಂತ ಕೆಳಗೆ ಫೇಲ್. ನಮ್ಮಲ್ಲಿ ಪಾಸಿಗೆ 35 ಸಾಕಿತ್ತು, 2025-26ರಿಂದ ಒಟ್ಟಾರೆ 33 ಸಾಕು; 60ಕ್ಕೆ ಪ್ರಥಮ ದರ್ಜೆ, 85ಕ್ಕೆ ಡಿಸ್ಟಿಂಕ್ಷನ್. ಆಕೆಯ 79 ಇಲ್ಲಿ ಒಳ್ಳೆಯ ಪ್ರಥಮ ದರ್ಜೆ, ಅಲ್ಲಿನ ಕಣ್ಣಿಗೆ ಸಿ. ಈ ಅಂತರವನ್ನು ತುಂಬುವುದು ಶಾಲೆಯ ಅಂಕಪದ್ಧತಿಯನ್ನು ವಿವರಿಸುವ ಸ್ಕೂಲ್ ಪ್ರೊಫೈಲ್ ಎಂಬ ಒಂದೆರಡು ಪುಟದ ಕಾಗದ. ಅದನ್ನು ಕಳಿಸಬೇಕಾದವರು ನೀವಲ್ಲ, ಪಿಯು ಕಾಲೇಜಿನವರು. ನಮ್ಮ ಬಹಳಷ್ಟು ಪಿಯು ಕಾಲೇಜುಗಳಲ್ಲಿ ಇದನ್ನೆಲ್ಲ ಕಳಿಸುವ ಕೌನ್ಸೆಲರ್ ಇರುವುದಿಲ್ಲ. ಪ್ರಿನ್ಸಿಪಾಲರು ಅಥವಾ ಒಬ್ಬ ಲೆಕ್ಚರರ್ ಆ ಕೆಲಸ ಮಾಡಬಹುದು.

ಕಾಲೇಜಿನಲ್ಲಿ ಪ್ರೊಫೈಲ್ ಇಲ್ಲದಿದ್ದರೆ ಲೆಟರ್‌ಹೆಡ್‌ನಲ್ಲಿ ಮಾಡಿಕೊಡಲು ಕೇಳಿ. ಮೇಲಿನ ದರ್ಜೆಗಳ ಪಟ್ಟಿ ಇರಲೇಬೇಕು. ಆರು ವಿಷಯ, ಒಟ್ಟು 600 ಅಂಕ, ಭೌತಶಾಸ್ತ್ರ, ರಸಾಯನಶಾಸ್ತ್ರದಂಥ ವಿಷಯಗಳಿಗೆ 70 ಥಿಯರಿ, 30 ಪ್ರಾಕ್ಟಿಕಲ್, ದ್ವಿತೀಯ ಪಿಯು ಪರೀಕ್ಷೆ ರಾಜ್ಯದ ಮಂಡಳಿಯದು ಎಂದು ಹೇಳಬೇಕು. ಎಪಿ, ಆನರ್ಸ್ (ಅಮೆರಿಕದ ಹೈಸ್ಕೂಲುಗಳಲ್ಲಿ ಇರುವ ಹೆಚ್ಚು ಕಠಿಣ ಮಟ್ಟದ) ತರಗತಿಗಳು ಇಲ್ಲದಿದ್ದರೆ ಅದನ್ನೂ ಬರೆಯಲಿ, ಇಲ್ಲವಾದರೆ ಹುಡುಗಿ ಕಠಿಣ ವಿಷಯ ಬಿಟ್ಟಳೇನೋ ಅನ್ನಿಸುತ್ತದೆ. ನನ್ನ ಪ್ರಕಾರ ಎಲ್ಲಕ್ಕಿಂತ ಬೆಲೆಬಾಳುವ ಸಾಲು ಇದು: ಆ ತರಗತಿಯಲ್ಲಿ ಎಷ್ಟು ಮಂದಿ ಇದ್ದರು, 85ರ ಮೇಲೆ ಎಷ್ಟು ಜನ, 75ರಿಂದ 85ರೊಳಗೆ ಎಷ್ಟು ಜನ. ಆಗ 79 ಅಂದರೆ ಏನೆಂದು ತಾನಾಗಿ ಗೊತ್ತಾಗುತ್ತದೆ.

ಅಮೆರಿಕದ ಕಾಲೇಜಿನವರು ನೋಡುವುದು 9ರಿಂದ 12ನೇ ತರಗತಿವರೆಗೆ. ನಮ್ಮಲ್ಲಿ 9, 10 ಒಂದು ಶಾಲೆ, ಪಿಯು ಬೇರೆ ಕಾಲೇಜು. ಹಾಗಾಗಿ ಹಿಂದಿನ ಹೈಸ್ಕೂಲನ್ನೂ ಫಾರಂನಲ್ಲಿ ಸೇರಿಸಿ, 9ನೇ ತರಗತಿಯ ಅಂಕಪಟ್ಟಿಗೆ ಈಗಲೇ ಓಡಾಡಿ. ಅದು ಕನ್ನಡದಲ್ಲಷ್ಟೇ ಇದ್ದರೆ ಶಾಲೆಯ ಸೀಲು, ಸಹಿಯೊಂದಿಗೆ ಇಂಗ್ಲಿಷ್ ಅನುವಾದ ಬೇಕು. ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆಯ ಪೂರ್ಣಾಂಕ 125, ಒಟ್ಟು 625. ಬರೀ 118 ಎಂದು ಬರೆದರೆ 100ಕ್ಕೆ 118 ಹೇಗೆ ಬಂತೆಂದು ಗೊಂದಲವಾಗುತ್ತದೆ. 118/125 ಎಂದೇ ಬರೆಯಿರಿ.

ಡಬ್ಲ್ಯುಇಎಸ್‌ನಂಥ (ವಿದೇಶಿ ಅಂಕಪಟ್ಟಿಗಳನ್ನು ಅಮೆರಿಕದ ಪದ್ಧತಿಗೆ ಹೋಲಿಸಿ ವರದಿ ಕೊಡುವ) ಸಂಸ್ಥೆಗಳ ಮೌಲ್ಯಮಾಪನಕ್ಕೆ ಅಮೆರಿಕದ ಕಾಲೇಜು ಕೇಳುವ ಮೊದಲೇ ದುಡ್ಡು ಕಟ್ಟಬೇಡಿ. ಕೇಳಿದರೆ, ಅವರಿಗೆ ಬೇಕಿರುವುದು ವಿಷಯವಾರು ವರದಿಯೋ ಅಲ್ಲವೋ ನೋಡಿಕೊಂಡು ಕಟ್ಟಿ.

ಮುಂಚಿತ ಅರ್ಜಿಗೆ ಹೆಚ್ಚಿನ ಕಡೆ ನವೆಂಬರ್ 1, ಸಾಮಾನ್ಯ ಅರ್ಜಿಗೆ ಜನವರಿಯ ಮೊದಲ ದಿನಗಳು ಕೊನೆ. ದ್ವಿತೀಯ ಪಿಯು ಫಲಿತಾಂಶ ಅಷ್ಟರಲ್ಲಿ ಬಂದಿರುವುದಿಲ್ಲ. ಅರ್ಧವಾರ್ಷಿಕದ ಅಂಕಗಳನ್ನೂ ಲೆಕ್ಚರರ್‌ಗಳು ಅಂದಾಜಿಸಿದ ಅಂಕಗಳನ್ನೂ ಪಿಯು ಕಾಲೇಜೇ ಕಳಿಸಲಿ. ಅಂದಾಜನ್ನು ಉಬ್ಬಿಸಬೇಡಿ ಎಂದು ನೀವೇ ಹೇಳಿ: ಬೋರ್ಡ್ ಫಲಿತಾಂಶ ಕೊನೆಯ ವರದಿಯಲ್ಲಿ ಹೋಗುತ್ತದೆ, ಅಂಕ ತೀರಾ ಕುಸಿದಿದ್ದರೆ ಕೊಟ್ಟ ಸೀಟನ್ನು ಹಿಂಪಡೆಯುವ ಹಕ್ಕು ಅಮೆರಿಕದ ಕಾಲೇಜಿಗಿದೆ.