ಐದು ಮನೆ, ಒಂದು ಊರು

ಪ್ರಿಯ ಓದುಗರೇ,

ನಾವು ಬರೆದದ್ದನ್ನು ಓದಿ ‘ಸ್ಕೆಚಸ್ ಆಫ್ ಕೈತಾನ್ ಸಿಟಿ’ (2010) ಎಂಬ ಜಪಾನಿ ಸಿನಿಮಾ ನೋಡಿದ್ದೀರಿ. ನೋಡಿ ಬೇಸರಪಟ್ಟಿದ್ದೀರಿ. “ಎರಡೂವರೆ ಗಂಟೆ ಕೂತರೂ ಐದು ಕತೆಗಳಲ್ಲಿ ಒಂದಕ್ಕೂ ಸರಿಯಾದ ಕೊನೆ ಸಿಗಲಿಲ್ಲ, ಒಂದಕ್ಕೊಂದು ಸಂಬಂಧವೂ ಇಲ್ಲ. ಆ ಅಣ್ಣನಿಗೆ ಏನಾಯಿತು ಅಂತಾದರೂ ಹೇಳಬಾರದಿತ್ತಾ?” ಎಂದು ಕೇಳಿದ್ದೀರಿ.

ಅಣ್ಣನಿಂದಲೇ ಶುರು ಮಾಡೋಣ. ಹಡಗು ಕಟ್ಟುವ ಕಾರ್ಖಾನೆಯಲ್ಲಿ ಜನರನ್ನು ಕಡಿಮೆ ಮಾಡುತ್ತಾರೆ, ಅವನ ಕೆಲಸ ಹೋಗುತ್ತದೆ. ಹೊಸ ವರ್ಷದ ಮೊದಲ ಸೂರ್ಯೋದಯ ನೋಡುವುದು ಜಪಾನಿನಲ್ಲಿ ಹಳೆಯ ರೂಢಿ. ಮನೆಯಲ್ಲಿದ್ದ ಚಿಲ್ಲರೆ ಕೂಡಿಸಿಕೊಂಡು ಅಣ್ಣ ತಂಗಿ ರೋಪ್‌ವೇ ಹತ್ತಿ ಬೆಟ್ಟಕ್ಕೆ ಹೋಗುತ್ತಾರೆ. ಇಳಿಯುವ ಹೊತ್ತಿಗೆ ಉಳಿದ ದುಡ್ಡು ಒಂದೇ ಟಿಕೆಟ್‌ಗೆ ಸಾಲುತ್ತದೆ. ತಂಗಿಯನ್ನು ಕಳಿಸಿ, ತಾನು ನಡೆದು ಬರುತ್ತೇನೆ ಅನ್ನುತ್ತಾನೆ. ಅವಳು ಕೆಳಗೆ ಕಾಯುತ್ತಾಳೆ, ಕಾಯುತ್ತಲೇ ಇರುತ್ತಾಳೆ. ಅವನು ಬರುವುದಿಲ್ಲ.

ಜಾರಿ ಬಿದ್ದನಾ, ಬೇಕಂತಲೇ ಹೋದನಾ? ಸಿನಿಮಾ ಬಿಡಿಸಿ ಹೇಳುವುದಿಲ್ಲ, ನಿಜ. ಹೇಳಿದ್ದರೆ ಅವನ ಸಾವಿನ ಬಗ್ಗೆ ನಾಲ್ಕು ಮಾತಾಡಿ ಎದ್ದು ಹೋಗುತ್ತಿದ್ದೆವು. ಈಗ ಆ ಟಿಕೆಟ್ಟಿನ ಲೆಕ್ಕ ತಲೆಯಿಂದ ಹೋಗುವುದಿಲ್ಲ. ಕೆಲಸ ಕಳೆದುಕೊಂಡವನ ಪಾಡನ್ನು ಒಂದೂ ಭಾಷಣವಿಲ್ಲದೆ ಹೀಗೆ ತೋರಿಸುವುದು ಸುಮ್ನೆ ಮಾತಲ್ಲ.

ಕತೆಗಳ ನಡುವಿನ ಸಂಬಂಧದ ಮಾತಿಗೆ ಬರುತ್ತೇನೆ. ಉಳಿದ ನಾಲ್ಕು ಕತೆಗಳ ಜನ ಇವರು. ಮನೆ ಬಿಡಲು ಒಪ್ಪದ, ಬೆಕ್ಕು ಸಾಕಿಕೊಂಡ ಮುದುಕಿ. ಹೆಂಡತಿ ದೂರವಾಗುತ್ತಿರುವ ತಾರಾಲಯದ ನೌಕರ. ಗ್ಯಾಸ್ ಅಂಗಡಿಯ ಮಾಲೀಕ, ಅವನ ಮನೆಯಲ್ಲಿ ಪೆಟ್ಟು ತಿನ್ನುವ ಮಗು. ಟ್ರಾಮ್ ಓಡಿಸುವ ಅಪ್ಪ, ಅವನ ಜೊತೆ ಮಾತು ಬಿಟ್ಟ ಮಗ. ಇವರೆಲ್ಲ ಓಡಾಡುವುದು ಅದೇ ಬೀದಿಗಳಲ್ಲಿ, ಆದರೆ ಒಬ್ಬರ ಮನೆಯ ಸಂಕಟ ಇನ್ನೊಬ್ಬರಿಗೆ ಗೊತ್ತಿಲ್ಲ. ಊರು ಅಂದರೆ ಜಾಸ್ತಿ ಹೀಗೇ ಅಲ್ವಾ? ನಿರ್ದೇಶಕ ಕುಮಾಕಿರಿ ಕಾಜುಯೋಶಿ ಬಲವಂತವಾಗಿ ಅವರನ್ನು ಒಂದೆಡೆ ತಂದು ಕೂಡಿಸಿದ್ದರೆ ನಾನು ಆ ಊರನ್ನು ನಂಬುತ್ತಿರಲಿಲ್ಲ.

ಕತೆಗಳು ಅರ್ಧಕ್ಕೆ ನಿಂತಂತೆ ಕಾಣುವುದಕ್ಕೆ ಇನ್ನೊಂದು ಹಿನ್ನೆಲೆ ಇದೆ. ಸಿನಿಮಾಕ್ಕೆ ಮೂಲವಾದ ಕತೆಗಳ ಪುಸ್ತಕವೇ ಮುಗಿದಿಲ್ಲ. ಬರೆದವರು ಸಾತೋ ಯಾಸುಶಿ, ಹೊಕ್ಕೈಡೊ ದ್ವೀಪದ ಬಂದರು ಊರು ಹಾಕೊದಾತೆಯವರು. ಜಪಾನಿನ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಅಕುತಾಗಾವಾ ಪ್ರಶಸ್ತಿಗೆ ಐದು ಸಲ ಹೆಸರು ಬಂತು, ಒಮ್ಮೆಯೂ ಸಿಗಲಿಲ್ಲ. 1990ರಲ್ಲಿ, 41ನೇ ವಯಸ್ಸಿನಲ್ಲಿ, ತಮ್ಮ ಜೀವ ತಾವೇ ತೆಗೆದುಕೊಂಡರು. 36 ಕತೆ ಬರೆಯಬೇಕು ಅಂದುಕೊಂಡಿದ್ದರು, ಆಗಿದ್ದು 18. ಕೈತಾನ್ ಕಲ್ಪನೆಯ ಹೆಸರು, ಒಳಗಿರುವುದು ಹಾಕೊದಾತೆ.

ಇಪ್ಪತ್ತು ವರ್ಷದ ಮೇಲೆ ಆ ಊರಿನವರೇ ಮುಂದೆ ಬಂದರು. ಅಲ್ಲಿನ ಒಂದು ಪುಟ್ಟ ಚಿತ್ರಮಂದಿರದ ಮಾಲೀಕರು ಓಡಾಡಿದರು, ಜನ ಚಂದಾ ಕೊಟ್ಟರು, ಹಲವರು ಸಿನಿಮಾದಲ್ಲಿ ಪಾತ್ರವನ್ನೂ ಮಾಡಿದರು. ತಮ್ಮ ಊರಿನ ಬಡತನ, ಜಗಳ, ಮುಚ್ಚುತ್ತಿರುವ ಕಾರ್ಖಾನೆ, ಎಲ್ಲವನ್ನೂ ತೋರಿಸಲು ತಾವೇ ಕೈಯಿಂದ ದುಡ್ಡು ಹಾಕಿದರು. ಈ ಸಿನಿಮಾ ನೋಡಿ ಅಂತ ನಾವು ಬರೆದದ್ದು ಮುಖ್ಯವಾಗಿ ಇದಕ್ಕೇ.

ಒಂದೇ ಕತೆ, ಒಂದೇ ಎಳೆ ಬೇಕಿದ್ದರೆ ಇದೇ ಲೇಖಕರ ಕಾದಂಬರಿಯಿಂದ ಓ ಮಿಪೊ ಮಾಡಿದ ‘ದಿ ಲೈಟ್ ಶೈನ್ಸ್ ಓನ್ಲಿ ದೇರ್’ (2014) ನೋಡಿ. ಅದೂ ಹಾಕೊದಾತೆಯದ್ದೇ. ನೋಡಿದ ಮೇಲೆ ಮತ್ತೆ ಬರೆಯಿರಿ, ಒಪ್ಪದಿದ್ದರೂ ಸರಿ.

— ಸಂಪಾದಕ