ನಕ್ಷೆ ಅಚ್ಚಾದ ವರ್ಷವೇ ಬೇರೆ, ಅದರಲ್ಲಿರುವ ಊರಿನ ವರ್ಷವೇ ಬೇರೆ

ಸರ್, ಫ್ರೆಂಚ್ ನಕ್ಷೆಕಾರ ಬೆಲ್ಲಿನ್‌ನ ಮದ್ರಾಸ್ ನಕ್ಷೆ ಕೈಗೆ ಸಿಕ್ಕಿದ್ದು ಅದೃಷ್ಟ. ಆದರೆ '1764ರ ಅಟ್ಲಾಸ್, ಹಾಗಾಗಿ 1764ರಲ್ಲಿ ಬ್ಲ್ಯಾಕ್ ಟೌನ್ (ಭಾರತೀಯರಿದ್ದ ಪೇಟೆ) ಸೇಂಟ್ ಜಾರ್ಜ್ ಕೋಟೆಗೆ ಅಂಟಿಕೊಂಡೇ ಇತ್ತು' ಅಂತ ಬರೆದಿದ್ದೀರಲ್ಲ, ಅದು ತಪ್ಪು. ನಾವೆಲ್ಲ ಒಮ್ಮೆ ಎಡವಿದ ಜಾಗವೇ ಇದು, ನನ್ನನ್ನೂ ಸೇರಿಸಿ.

ಬೆಲ್ಲಿನ್ ಪ್ಯಾರಿಸ್ಸಿನಲ್ಲಿ ಕೂತು, ಕೈಗೆ ಬಂದ ನಕ್ಷೆಗಳನ್ನು ನೋಡಿ ಅಚ್ಚಿನ ತಾಮ್ರದ ಪ್ಲೇಟ್ ಮಾಡಿಸಿದವನು. ತಲೆಬರಹ ಓದಿ. 1746ರ ಸೆಪ್ಟೆಂಬರ್ 21ರಂದು ಫ್ರೆಂಚರು ಹಿಡಿದ ಮದ್ರಾಸ್ ಅಂತಿದೆ ಅಲ್ವಾ? ಅಂದರೆ ಕಾಣ್ತಿರೋದು ಆ ಕಾಲದ ಊರು. (ಇಂಗ್ಲಿಷ್ ದಾಖಲೆಯಲ್ಲಿ ಸೆಪ್ಟೆಂಬರ್ 10 ಅಂತಿದ್ರೆ ಗಾಬರಿ ಬೇಡ. 1752ರವರೆಗೆ ಅವರ ಕ್ಯಾಲೆಂಡರ್ 11 ದಿನ ಹಿಂದಿತ್ತು.)

1749ರಲ್ಲಿ ಊರು ವಾಪಸ್ ಕೊಡೋ ಮೊದಲೇ ಫ್ರೆಂಚರು ಕೋಟೆ ಪಕ್ಕದ ಮನೆಗಳನ್ನು ಕೆಡವಿದ್ದರು. ಉಳಿದದ್ದನ್ನು ಆಮೇಲೆ ಇಂಗ್ಲಿಷರೇ ತೆಗೆದರು. ಮನೆಗಳ ಮರೆಯಲ್ಲಿ ಶತ್ರು ಹತ್ತಿರ ಬರಬಾರದು, ಫಿರಂಗಿಗೆ ಎದುರು ಬಯಲು ಬೇಕು, ಅಷ್ಟೇ ಲೆಕ್ಕ. ಹೊಸ ಬ್ಲ್ಯಾಕ್ ಟೌನ್ ಇನ್ನೂ ಉತ್ತರಕ್ಕೆ ಹೋಯ್ತು. ಹಳೆಯದರ ಜಾಗದಲ್ಲಿ ಈಗ ಮದ್ರಾಸ್ ಹೈಕೋರ್ಟ್ ಇದೆ. ಹಳೆ ಲಾ ಕಾಲೇಜ್ ಆವರಣದಲ್ಲಿ ಮದ್ರಾಸಿನ ಗವರ್ನರ್ ಆಗಿದ್ದ ಎಲಿಹು ಯೇಲ್‌ನ ಮಗನ ಗೋರಿ ಉಳಿದದ್ದು ಯಾಕೆ ಅಂದ್ಕೊಂಡ್ರಿ? ಅಲ್ಲೇ ಇಂಗ್ಲಿಷರ ಹಳೆ ಸ್ಮಶಾನ ಇತ್ತು.

ನಾನಂತೂ ವರ್ಷ ನೋಡೋದೇ ಇಲ್ಲ, ಮೊದಲು ಕೋಟೆಯ ಪಶ್ಚಿಮದ ಗೋಡೆ ನೋಡ್ತೀನಿ. ಕೋಟೆ ನಾಲ್ಕು ಮೂಲೆಯ ಪೆಟ್ಟಿಗೆಯಂತಿದ್ದರೆ ಹಳೇದು. ಪಶ್ಚಿಮಕ್ಕೆ ಉಬ್ಬಿ ಅರ್ಧ ಅಷ್ಟಕೋನದ ಆಕಾರ ಬಂದಿದ್ದರೆ 1750ರ ನಂತರ ಹಿಗ್ಗಿಸಿದ ಕೋಟೆ. ಅದಕ್ಕಾಗಿ ನದಿಯ ಪಾತ್ರವನ್ನೂ ಸರಿಸಿದರು, ಅದನ್ನೂ ತಾಳೆ ನೋಡಿ. ಆದರೆ ಇದನ್ನೇ ಕಣ್ಣುಮುಚ್ಚಿ ನಂಬಬೇಡಿ, ಕಟ್ಟಬೇಕೆಂದಿದ್ದ ಗೋಡೆಯನ್ನು ಕಟ್ಟಿದಂತೆ ಬರೆದ ನಕ್ಷೆಗಳೂ ಇರುತ್ತವೆ. ಕಡಲಲ್ಲಿ ಬಂದರಿನ ತಡೆಗೋಡೆ ಇದ್ದರೆ 19ನೇ ಶತಮಾನದ ಕೊನೆಯ ಭಾಗಕ್ಕೆ ಬಂದಿದ್ದೀರಿ. ಅದಕ್ಕೂ ಮೊದಲು ಹಡಗು ದೂರ ನಿಲ್ತಿತ್ತು, ಸರಕೆಲ್ಲ ಮಸೂಲಾ ದೋಣಿಯಲ್ಲಿ ದಡಕ್ಕೆ.

ಸ್ಕೇಲ್ ಹಳೆ ಫ್ರೆಂಚ್ ಅಳತೆಯಾದ ತುವಾಜ್‌ನಲ್ಲಿದ್ದರೆ ಒಂದಕ್ಕೆ ಸುಮಾರು 1.95 ಮೀಟರ್. ಗಜ ಅಂತ ಅಳೆದರೆ ಊರು ಅರ್ಧಕ್ಕೆ ಕುಗ್ಗುತ್ತೆ.

ಬಣ್ಣ ಮೂಲದ್ದೇ ಅಂತ ಮಾರಿದವರು ಹೇಳಿದ್ರೆ ನಗಿ. ಎಷ್ಟೋ ನಕ್ಷೆಗಳಿಗೆ ಬಣ್ಣ ಹಾಕಿದ್ದು ಆಮೇಲೆ. ಇನ್ನು ನಕ್ಷೆಗೆ ಅಂಟಿಸಿದ್ದೀರಲ್ಲ ಆ ಸೆಲೋಟೇಪ್! ಅಂಟಿಸಿ ಅಂತ ಯಾರ್ರೀ ಹೇಳಿದ್ದು ನಿಮಗೆ? ನೀವೇ ಕೀಳೋಕೆ ಹೋಗಬೇಡಿ, ಕಾಗದ ಬಲ್ಲವರಿಗೆ ಕೊಡಿ. ನಕ್ಷೆ ಇಟ್ಟಿರೋ ಪಿವಿಸಿ ಕವರ್ ಇವತ್ತೇ ತೆಗೀರಿ, ನನಗೆ ಮೆಲಿನೆಕ್ಸ್ (ಪಾಲಿಯೆಸ್ಟರ್ ಹಾಳೆ) ಬಿಟ್ಟು ಬೇರೆ ಸರಿಹೋಗಿಲ್ಲ. ಫ್ರೇಮ್ ಹಾಕೋರು ಅಂಚು ಕತ್ತರಿಸ್ತೀನಿ ಅಂದ್ರೆ ಬಿಡಬೇಡಿ, ಪ್ಲೇಟ್ ಒತ್ತಿದ ಗುರುತು ಇರೋದು ಅಲ್ಲೇ.