ವೈಟ್ ಕತೆ ವಾಪಸು ಕಳಿಸುತ್ತಿದ್ದೇನೆ, ಬೇಸರ ಬೇಡ

ನಮಸ್ಕಾರ,

ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗಿನಲ್ಲಿ ಒಂದೇ ಒಂದು ಪಂದ್ಯ ಆಡಿದ ವಿಲಿಯಂ ಎಡ್ವರ್ಡ್ ವೈಟ್ ಬಗ್ಗೆ ನೀವು ಕಳಿಸಿದ ಹನ್ನೊಂದು ಪುಟಗಳನ್ನು ಎರಡು ಸಲ ಓದಿದೆ. ಹೀಗೇ ಅಚ್ಚು ಹಾಕಲಾರೆ. ವಿಷಯ ಮಾತ್ರ ಗಟ್ಟಿಯಾಗಿದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ಬೇಸ್‌ಬಾಲನ್ನು ಕ್ರಿಕೆಟ್ಟಿಗೆ ಹೋಲಿಸಿ ಪಾಠ ಮಾಡಿದ್ದೀರಿ. ತೆಗೆಯಿರಿ. ಫಸ್ಟ್ ಬೇಸ್ ಕಾಯುವವನ ಕೆಲಸವೇನು ಅಂತ ಎರಡು ಸಾಲು ಸಾಕು.

ನನ್ನ ತಕರಾರಿರುವುದು ಐದನೇ ಪುಟದ ಮೇಲೆ. 1879ರ ಜೂನ್ 21ರಂದು ಪ್ರಾವಿಡೆನ್ಸ್ ಗ್ರೇಸ್ ತಂಡದ ಫಸ್ಟ್ ಬೇಸ್ ಕಾಯುತ್ತಿದ್ದ ಜೋ ಸ್ಟಾರ್ಟ್‌ಗೆ ಪೆಟ್ಟಾಗಿತ್ತು. ಅವನ ಜಾಗಕ್ಕೆ ಬ್ರೌನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ವೈಟ್‌ನನ್ನು ಇಳಿಸಿದರು. ‘ಮೊದಲ ಕಪ್ಪು ಆಟಗಾರನನ್ನು ಕಂಡು ಮೈದಾನ ಸ್ತಬ್ಧವಾಯಿತು’ ಅಂತ ಬರೆದಿದ್ದೀರಲ್ಲ, ಸ್ತಬ್ಧವಾಗಲು ಜನಕ್ಕೆ ಗೊತ್ತಿರಬೇಕಲ್ಲವೇ? ಅವನು ಬಿಳಿಯನಾಗಿಯೇ ಬದುಕುತ್ತಿದ್ದ. ಸಂಶೋಧಕರು ಅವನ ಮೂಲ ಹುಡುಕಿದ್ದೇ ಈ ಶತಮಾನದಲ್ಲಿ.

ನಿಜವಾದ ಕತೆಯನ್ನು ನೀವು ಒಂಬತ್ತನೇ ಪುಟದ ಅಡಿಟಿಪ್ಪಣಿಗೆ ತಳ್ಳಿದ್ದೀರಿ! ತಾಯಿ ಹ್ಯಾನಾ ಜಾರ್ಜಿಯಾದಲ್ಲಿ ಗುಲಾಮಳು, ತಂದೆ ಬಿಳಿಯ ಒಡೆಯ. 1870ರ ಜನಗಣತಿಯಲ್ಲಿ ಹುಡುಗ ಮಿಶ್ರವರ್ಣೀಯ, 1880ರದರಲ್ಲಿ ಬಿಳಿಯ. ತಂದೆಯ ಉಯಿಲಿನಲ್ಲಿ ಅವನೂ ಇಬ್ಬರು ಸೋದರಿಯರೂ ‘ಸೇವಕಿ ಹ್ಯಾನಾಳ ಮಕ್ಕಳು’. ‘ನನ್ನ ಮಕ್ಕಳು’ ಎಂಬ ಮಾತಿಲ್ಲ, ಆದರೆ ಉತ್ತರದ ರಾಜ್ಯಗಳಲ್ಲಿ ಓದಿಸಬೇಕೆಂಬ ಷರತ್ತು ಇದೆ. ಆ ಉಯಿಲಿನಿಂದಲೇ ಲೇಖನ ಶುರು ಮಾಡಿ. ಅವನ ಮನಸ್ಸಿನಲ್ಲಿ ಏನಿತ್ತೋ ನಿಮಗೂ ತಿಳಿಯದು, ನನಗೂ ತಿಳಿಯದು. ಕಾಗದಗಳೇ ಮಾತಾಡಲಿ. ಅಂದಹಾಗೆ, ‘ವೈಟ್’ ಎಂಬ ಹೆಸರಿನ ಮೇಲಿನ ಚಮತ್ಕಾರ ಮೂರು ಕಡೆ ಬಂದಿದೆ. ಒಂದೂ ಹೆಚ್ಚೇ.

‘ರಾಬಿನ್ಸನ್‌ಗಿಂತ 68 ವರ್ಷ ಮೊದಲು’ ಎಂಬ ಶೀರ್ಷಿಕೆ ಬೇಡ. ದೊಡ್ಡ ಲೀಗುಗಳ ವರ್ಣಭೇದದ ಗೋಡೆ ಒಡೆದ ಜಾಕಿ ರಾಬಿನ್ಸನ್ 1947ರಲ್ಲಿ ಕಪ್ಪು ಮನುಷ್ಯನೆಂದು ಎಲ್ಲರಿಗೂ ಗೊತ್ತಿದ್ದೇ ಆಡಿದ, ಬೈಗುಳ ತಿಂದ. ಹಾಗೆಯೇ 1884ರಲ್ಲಿ ಟೊಲಿಡೊ ತಂಡದ ಪರ, ಕಪ್ಪು ಮನುಷ್ಯನೆಂದು ಗೊತ್ತಿದ್ದೇ, ದೊಡ್ಡ ಲೀಗಿನಲ್ಲಿ ಆಡಿದ ಮೋಸಸ್ ಫ್ಲೀಟ್‌ವುಡ್ ವಾಕರ್‌ನ ಹೆಸರೇ ನಿಮ್ಮಲ್ಲಿಲ್ಲ. ಬಲ್ಲವರು ಮೊದಲು ಕೇಳುವುದೇ ಅವನನ್ನು. ವೈಟ್ ‘ಮೊದಲಿಗ’ ಹೌದೋ ಅಲ್ಲವೋ ಎಂಬ ಜಗಳವನ್ನು ಮುಚ್ಚಿಡದೆ ಓದುಗರ ಮುಂದಿಡಿ.

ನನಗೆ ಹಿಡಿಸಿದ್ದು ಒಂದು ಸಾಲು: ‘ನಾಲ್ಕು ಸಲ ಬ್ಯಾಟ್ ಹಿಡಿದ, ಒಂದು ಹಿಟ್, ಒಂದು ರನ್, ಮತ್ತೆ ಅವನನ್ನು ಯಾರೂ ಕರೆಯಲಿಲ್ಲ.’ ಅದನ್ನು ಮುಟ್ಟಬೇಡಿ.

ಐದು ಪುಟಕ್ಕೆ ಇಳಿಸಿ ಕಳಿಸಿ. ದಯವಿಟ್ಟು ಟೈಪ್ ಮಾಡಿಸಿ, ನಿಮ್ಮ ಕೈಬರಹದಲ್ಲಿ 1870 ನನಗೆ 1810 ಆಗಿ ಕಂಡಿತು.

ಇಂತಿ,
ಸಂಪಾದಕ